ಹವಳಕ್ಕೂ ಬೇಕು ಸುಣ್ಣದ ತಿಳಿ

ಶೇಂಗಾ ಗಿಡ ಹೂ ಬಿಟ್ಟು, ಹೂವಿನ ಬುಡದಿಂದ ಹೊರಟ ಸೂಜಿಯಂಥ ಕುಡಿ ಮಣ್ಣಿಗೆ ಇಳಿಯುವ ಹೊತ್ತಿಗೆ ಹೊಲಕ್ಕೆ ಜಿಪ್ಸಂ ಹಾಕಬೇಕೆಂಬುದು ಪರಶುರಾಂಪುರ ಸೀಮೆಯ ರೈತರ ಮಕ್ಕಳಿಗೆ ಹೊಸ ಸಂಗತಿಯಲ್ಲ. ಮಣ್ಣೊಳಗೆ ಬೆಳೆಯುವ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಬೇರಿನಿಂದ ತರಿಸಿಕೊಳ್ಳುವುದಿಲ್ಲ. ಸುತ್ತಲಿನ ಮಣ್ಣಿನ ತೇವದಿಂದ ತನ್ನ ಸಿಪ್ಪೆಯ ಮೂಲಕವೇ ಹೀರಿಕೊಳ್ಳುತ್ತದೆ. ಸಿಗದೇ ಹೋದರೆ ಗಿಡ ಎಷ್ಟೇ ಹಸಿರಾಗಿದ್ದರೂ ಕಾಯಿ ಒಡೆದಾಗ ಒಳಗೆ ಜೊಳ್ಳು. ಆದ್ದರಿಂದ ಕ್ಯಾಲ್ಸಿಯಮ್ಮನ್ನು ಕಾಯಿ ಇರುವ ಜಾಗಕ್ಕೇ, ಅದಕ್ಕೆ ಬೇಕಾದ ಹೊತ್ತಿಗೇ ಒಯ್ದು ಕೊಡಬೇಕು.

ಸಮುದ್ರದಲ್ಲಿ ಹೀಗೆಯೇ ಸುತ್ತಲಿನ ನೀರಿನಿಂದ ಕ್ಯಾಲ್ಸಿಯಂ ಹೀರಿ ಬದುಕುವ ಪ್ರಾಣಿಯೊಂದಿದೆ. ಅದು ಹವಳ. ಕಡಲಲ್ಲಿ ಅದಕ್ಕೆ ಯಾರೂ ಗೊಬ್ಬರ ಹಾಕಬೇಕಿಲ್ಲ. ಆದರೆ ಅದನ್ನು ತಂದು ಗಾಜಿನ ತೊಟ್ಟಿಯಲ್ಲಿಟ್ಟರೆ ಕಥೆ ಬೇರೆ. ನೂರು ಲೀಟರಿನ ತೊಟ್ಟಿ ಎಂದರೆ ನೂರು ಲೀಟರಿನ ಕಡಲು, ಅಷ್ಟೇ. ಹವಳ ತೆಗೆದುಕೊಂಡದ್ದನ್ನು ತುಂಬಿಕೊಡಲು ಅಲ್ಲಿ ಅಲೆಯಿಲ್ಲ, ನದಿಯಿಲ್ಲ. ತುಂಬಿಕೊಡುವ ಕೆಲಸ ತೊಟ್ಟಿ ಸಾಕುವವರದು. ಇದಕ್ಕೆಂದು ಅಂಗಡಿಯಲ್ಲಿ ಬಣ್ಣದ ಬಾಟಲಿಗಳು ಸಿಗುತ್ತವೆ, ಬೆಲೆ ಜೋರು. ಒಳಗಿರುವುದು ಏನೆಂದು ತಿಳಿದವರು ಅದನ್ನು ಮನೆಯಲ್ಲೇ ಬೆರೆಸಿಕೊಳ್ಳುತ್ತಾರೆ. ಬೆರೆಸುವ ಸಾಮಾನು ಕೇಳಿದರೆ ಯಾರಿಗಾದರೂ ಅಚ್ಚರಿಯಾದೀತು: ಸುಣ್ಣ, ಅಡುಗೆ ಸೋಡಾ, ಪ್ರಯೋಗಾಲಯದ ಕಪಾಟಿನಲ್ಲಿರುವ ಕ್ಯಾಲ್ಸಿಯಂ ಕ್ಲೋರೈಡ್, ರೈತರು ಎಲೆಗೆ ಸಿಂಪಡಿಸುವ ಮೆಗ್ನೀಷಿಯಂ ಸಲ್ಫೇಟ್. ಸಾಮಾನು ಅಗ್ಗ. ಕಷ್ಟವಿರುವುದು ಅಳತೆಯಲ್ಲಿ.

ಹವಳ ಎಂದೊಡನೆ ಅನೇಕರಿಗೆ ನೆನಪಾಗುವುದು ಅಕ್ಕಸಾಲಿಗರ ಅಂಗಡಿಯ ಕೆಂಪು ಮಣಿ. ಅದು ಬೇರೆಯೇ ಜಾತಿ. ಇಲ್ಲಿ ಹೇಳುತ್ತಿರುವುದು ಬಿಸಿಲು ಬೀಳುವ ಬೆಚ್ಚನೆಯ ಕಡಲಿನಲ್ಲಿ ದಿಬ್ಬ ಕಟ್ಟುವ ಕಲ್ಲು ಹವಳವನ್ನು. ನೋಡಲು ಗಿಡದಂತೆ, ಮುಟ್ಟಲು ಕಲ್ಲಿನಂತೆ, ನಿಜಕ್ಕೂ ಪ್ರಾಣಿ. ಬಹುಪಾಲು ಜಾತಿಗಳಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ ಮೆತ್ತನೆಯ ಜೀವಿಗಳು ಸಾವಿರಗಟ್ಟಲೆ ಒತ್ತಾಗಿ ಕೂತು, ತಮ್ಮ ಕಾಲ ಕೆಳಗೆ ತಾವೇ ಕಲ್ಲು ಕಟ್ಟುತ್ತ ಮೇಲೇರುತ್ತವೆ. ಅವುಗಳ ಮೈಯೊಳಗೆ ಸೂಕ್ಷ್ಮ ಪಾಚಿಗಳು ಬಾಡಿಗೆಗಿರುತ್ತವೆ. ಹಗಲಲ್ಲಿ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಅದರಲ್ಲಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಕೊಡುತ್ತವೆ.

ಆ ಕಲ್ಲು ಯಾವುದು? ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪು, ಬಸವನಹುಳುವಿನ ಚಿಪ್ಪು, ಅಮೃತಶಿಲೆ ಎಲ್ಲವೂ ಅದೇ. ಕೊಳವೆಬಾವಿಯ ನೀರು ಕಾಯಿಸುವ ಹಂಡೆಯ ಒಳಮೈಗೆ ಹತ್ತುವ ಬಿಳಿ ಪದರದಲ್ಲಿ ಮುಖ್ಯವಾಗಿ ಇರುವುದೂ ಅದೇ. ಚಳ್ಳಕೆರೆ ತಾಲ್ಲೂಕಿನ ಗೃಹಿಣಿಯರು ಬೈದುಕೊಂಡು ಉಜ್ಜುವ ಆ ಪದರ ಮತ್ತು ಹವಳದ ದಿಬ್ಬ ಒಂದೇ ರಾಸಾಯನಿಕ ಕ್ರಿಯೆಯ ಫಲ ಎಂಬುದನ್ನು ಪಠ್ಯಪುಸ್ತಕಗಳು ಯಾಕೋ ಹೇಳುವುದಿಲ್ಲ. ಮಣ್ಣಿನೊಳಗೆ ಇಂಗುವ ಮಳೆನೀರು ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ನೀರು ಸುಣ್ಣದ ಹರಳುಗಳನ್ನೂ ಕಲ್ಲುಗಳನ್ನೂ ಕರಗಿಸಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್‌ಗಳನ್ನು ಹೊತ್ತು ತರುತ್ತದೆ. ಕಾಯಿಸಿದಾಗ ಅನಿಲ ಹಾರಿಹೋಗಿ, ಕರಗಿದ್ದ ಸುಣ್ಣಾಂಶ ಮತ್ತೆ ಕಲ್ಲಾಗಿ ಹಂಡೆಗೆ ಅಂಟುತ್ತದೆ. ಹಂಡೆ ಇದನ್ನು ಬೆಂಕಿಯ ಬಲದಿಂದ ಮಾಡುತ್ತದೆ, ಹವಳ ಜೀವಬಲದಿಂದ ಮಾಡುತ್ತದೆ.

ಕಡಲಿನ ಕ್ಯಾಲ್ಸಿಯಂ ಬಹಳಷ್ಟು ಹೀಗೆ ನೆಲದಿಂದಲೇ ಹೋದದ್ದು. ಪರಶುರಾಂಪುರ ಹೋಬಳಿಯ ಮೂಲಕ ಹರಿಯುವ ವೇದಾವತಿ ಆಂಧ್ರಕ್ಕೆ ದಾಟಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳಕೊಲ್ಲಿಯನ್ನು. ಹೊಳೆ ತುಂಬಿ ಹರಿದ ವರ್ಷ ಈ ಸೀಮೆಯ ಕಲ್ಲು ಮಣ್ಣಿನ ಸುಣ್ಣಾಂಶವೂ ಒಂದಿಷ್ಟು ಅದರ ಜೊತೆ ಹೊರಡುತ್ತದೆ.

ಸಮುದ್ರದ ನೀರಿನ ಲೆಕ್ಕ ಹೀಗಿದೆ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ. ಅದರಲ್ಲಿ ಬಹುಪಾಲು ಅಡುಗೆ ಉಪ್ಪೇ. ಮೆಗ್ನೀಷಿಯಂ ಸುಮಾರು 1300 ಮಿಲಿಗ್ರಾಂ, ಕ್ಯಾಲ್ಸಿಯಂ ಸುಮಾರು 420 ಮಿಲಿಗ್ರಾಂ. ಇವುಗಳ ಜೊತೆಗೆ ಕ್ಷಾರೀಯತೆ ಎಂಬ ಇನ್ನೊಂದು ಅಳತೆ ಇದೆ. ನೀರು ಎಷ್ಟು ಆಮ್ಲವನ್ನು ನುಂಗಿ ಅರಗಿಸಿಕೊಳ್ಳಬಲ್ಲದು ಎಂಬುದರ ಅಳತೆ ಅದು. ಕಡಲಿನ ನೀರಿನಲ್ಲಿ ಆ ಶಕ್ತಿ ಬರುವುದು ಮುಖ್ಯವಾಗಿ ಬೈಕಾರ್ಬೊನೇಟ್‌ನಿಂದ. ಲೀಟರಿಗೆ ಸುಮಾರು ಎರಡೂವರೆ ಮಿಲಿ ಇಕ್ವಿವಲೆಂಟ್ ಎಂದು ಇಟ್ಟುಕೊಳ್ಳಬಹುದು. ಹೆಸರು ಉದ್ದ, ಹೆದರಬೇಕಿಲ್ಲ. ಮುಂದೆ ಇದನ್ನು ಬರಿದೆ ‘ಘಟಕ’ ಎಂದರೆ ಸಾಕು.

ಹವಳ ಕಲ್ಲು ಕಟ್ಟುವಾಗ ಒಂದು ಪಾಲು ಕ್ಯಾಲ್ಸಿಯಮ್ಮಿಗೆ ಎರಡು ಪಾಲು ಬೈಕಾರ್ಬೊನೇಟ್ ಬಳಸುತ್ತದೆ. ತೂಕಕ್ಕೆ ಇಳಿಸಿದರೆ, ಲೀಟರಿಗೆ ಒಂದು ಘಟಕ ಕ್ಷಾರೀಯತೆ ಖರ್ಚಾದಾಗ ಕ್ಯಾಲ್ಸಿಯಂ 20 ಮಿಲಿಗ್ರಾಂ ಖರ್ಚಾಗಿರುತ್ತದೆ. ಇಲ್ಲೇ ಸ್ವಾರಸ್ಯವಿದೆ. 420ರಲ್ಲಿ 20 ಹೋದರೆ ನೂರಕ್ಕೆ ಐದರಷ್ಟೂ ಇಲ್ಲ, ಗೊತ್ತೇ ಆಗುವುದಿಲ್ಲ. ಆದರೆ ಎರಡೂವರೆಯಲ್ಲಿ ಒಂದು ಹೋದರೆ ನೂರಕ್ಕೆ ನಲವತ್ತು ಹೋದಂತೆ. ಕ್ಯಾಲ್ಸಿಯಂ ದೊಡ್ಡ ಕಣಜ, ಕ್ಷಾರೀಯತೆ ಸಣ್ಣ ಡಬ್ಬಿ. ಖರ್ಚು ಎರಡರಿಂದಲೂ ಆಗುತ್ತಿದ್ದರೂ ಮೊದಲು ಬರಿದಾಗುವುದು ಡಬ್ಬಿ. ಹೊಸಬರು ಮಾಡುವ ಸಾಮಾನ್ಯ ತಪ್ಪು ಎಂದರೆ, ಹವಳಕ್ಕೆ ಬೇಕಾದದ್ದು ಕ್ಯಾಲ್ಸಿಯಂ ಎಂದು ಕೇಳಿ ಬರೀ ಕ್ಯಾಲ್ಸಿಯಮ್ಮನ್ನೇ ಸುರಿಯುತ್ತ ಹೋಗುವುದು. ಆ ತೊಟ್ಟಿಯಲ್ಲಿ ಕಣಜ ತುಂಬಿರುತ್ತದೆ, ಹವಳ ಸೊರಗುತ್ತಿರುತ್ತದೆ.

ತುಂಬಿಕೊಡುವ ವಿಧಾನಗಳಲ್ಲಿ ಹಳೆಯದೂ ಸರಳವಾದದ್ದೂ ಸುಣ್ಣದ ತಿಳಿ. ಇದನ್ನು ಕಡಲತೊಟ್ಟಿಗೆ ಬಳಸುವುದನ್ನು 1970ರ ದಶಕದಲ್ಲಿ ಯೂರೋಪಿನಲ್ಲಿ ಪ್ರಚಾರಕ್ಕೆ ತಂದವರು ಪೀಟರ್ ವಿಲ್ಕೆನ್ಸ್. ತೊಟ್ಟಿಯ ನೀರು ದಿನವೂ ಒಂದಿಷ್ಟು ಆವಿಯಾಗುತ್ತದೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯ ಒಣ ಗಾಳಿಯಲ್ಲಾದರೆ ಇನ್ನಷ್ಟು ಬೇಗ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಸಿಹಿನೀರಿನಿಂದಲೇ ತುಂಬಬೇಕು. ಆ ಸಿಹಿನೀರಿನಲ್ಲಿ ಸುಣ್ಣ ಕರಗಿಸಿಟ್ಟರೆ ಒಂದೇ ಕೆಲಸದಲ್ಲಿ ಎರಡು ಸಾಧನೆ.

ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗುವುದು ಕೇವಲ ಒಂದೂವರೆ ಗ್ರಾಮಿನಷ್ಟು ಅರಳಿದ ಸುಣ್ಣ. ಸಕ್ಕರೆಯಂತೆ ಬಿಸಿನೀರಿನಲ್ಲಿ ಹೆಚ್ಚು ಕರಗೀತು ಎಂದುಕೊಂಡರೆ ತಪ್ಪು. ಸುಣ್ಣ ಇದಕ್ಕೆ ವಿರುದ್ಧ, ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ಚೆನ್ನಾಗಿ ಕಲಕಿ, ಮುಚ್ಚಳ ಹಾಕಿ, ರಾತ್ರಿಯೆಲ್ಲ ಬಿಟ್ಟರೆ ಗಸಿ ತಳಕ್ಕಿಳಿದು ಮೇಲೆ ತಿಳಿ ನಿಲ್ಲುತ್ತದೆ. ಬೇಕಾದದ್ದು ಆ ತಿಳಿ ಮಾತ್ರ. ಸುಣ್ಣದಲ್ಲಿದ್ದ ಕಲ್ಮಶಗಳಲ್ಲಿ ಬಹಳಷ್ಟು ಗಸಿಯಲ್ಲೇ ಉಳಿಯುವುದರಿಂದ ಅದನ್ನು ಕಲಕಬಾರದು. ಒಂದು ಲೀಟರ್ ತಿಳಿಯಲ್ಲಿ ಸುಮಾರು 40 ಘಟಕ ಕ್ಷಾರೀಯತೆ, 800 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂದರೆ ಹವಳಕ್ಕೆ ಬೇಕಾದ ಅದೇ ಪ್ರಮಾಣ, ಒಂದಕ್ಕೆ ಇಪ್ಪತ್ತು. ಯಾರೂ ತೂಗಿ ಹೊಂದಿಸಬೇಕಿಲ್ಲ. ನೂರು ಲೀಟರಿನ ತೊಟ್ಟಿಗೆ ದಿನಕ್ಕೆ ಒಂದು ಲೀಟರ್ ತಿಳಿ ಹೋದರೆ ಲೀಟರಿಗೆ 0.4 ಘಟಕವೂ 8 ಮಿಲಿಗ್ರಾಂ ಕ್ಯಾಲ್ಸಿಯಮ್ಮೂ ಮರಳಿ ಸಂದಂತಾಯಿತು.

ಆದರೆ ಈ ತಿಳಿಯ ಪಿಎಚ್ ಹನ್ನೆರಡನ್ನು ದಾಟಿರುತ್ತದೆ. ಕಡಲಿನ ನೀರಿನದು ಎಂಟರ ಆಸುಪಾಸು. ಒಂದು ಚೊಂಬು ತಿಳಿಯನ್ನು ಒಮ್ಮೆಗೇ ತೊಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗಿ, ಸುಣ್ಣಾಂಶವೆಲ್ಲ ಪುಡಿಯಾಗಿ ತಳಕ್ಕಿಳಿಯುತ್ತದೆ. ತುಂಬಿಕೊಡಲು ಹೊರಟದ್ದು ಇದ್ದದ್ದನ್ನೂ ಕಳೆದಂತಾಗುತ್ತದೆ. ಮೀನಿನ ಕಿವಿರು ಸುಡುತ್ತದೆ, ಹವಳದ ಮೈ ಕಳಚಿ ಬಿಳಿ ಎಲುಬು ಕಾಣುತ್ತದೆ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ನಳಿಕೆಯಂಥದ್ದನ್ನು ಕಟ್ಟಿ ಹನಿಹನಿಯಾಗಿ, ಅದೂ ರಾತ್ರಿಯ ಹೊತ್ತಿನಲ್ಲಿ ಬಿಡುವುದು ವಾಡಿಕೆ. ರಾತ್ರಿಯೇ ಏಕೆ? ಹಗಲು ಪಾಚಿಗಳು ಇಂಗಾಲದ ಡೈಆಕ್ಸೈಡನ್ನು ಬಳಸಿಕೊಳ್ಳುವುದರಿಂದ ಪಿಎಚ್ ಏರಿರುತ್ತದೆ. ರಾತ್ರಿ ಎಲ್ಲವೂ ಉಸಿರಾಡುವುದಷ್ಟೇ, ಅನಿಲ ಸೇರಿ ಪಿಎಚ್ ಇಳಿಯುತ್ತದೆ. ಆಗ ಸುಣ್ಣ ಹಾಕಿದರೆ ಏರಿಳಿತ ಎರಡೂ ಸಮವಾಗುತ್ತವೆ.

ಎಲೆ ಅಡಿಕೆಯ ಸುಣ್ಣವನ್ನೇ ಬಳಸಬಹುದೇ ಎಂದು ಮಕ್ಕಳು ಕೇಳುತ್ತಾರೆ. ರಾಸಾಯನಿಕವಾಗಿ ವಸ್ತು ಅದೇ. ಆದರೆ ಅದರಲ್ಲಿ ಇನ್ನೇನು ಬೆರೆತಿದೆ ಎಂದು ಹೇಳುವವರಿಲ್ಲ. ಜೊತೆಗೆ ಗಾಳಿಗೆ ತೆರೆದಿಟ್ಟ ಸುಣ್ಣ ದಿನ ಕಳೆದಂತೆ ಅನಿಲ ಹೀರಿ ಮತ್ತೆ ಕಾರ್ಬೊನೇಟ್ ಆಗುತ್ತದೆ, ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವ ಹಾಗೆ. ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ತೊಟ್ಟಿಗೆ ಬೇಕಾದದ್ದು ಪ್ರಯೋಗಾಲಯದ ದರ್ಜೆಯ, ಬಿಗಿ ಮುಚ್ಚಳದ ಡಬ್ಬಿಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹೊಲದ ಜಿಪ್ಸಂ? ಅದೂ ಆಗದು. ಅದರಲ್ಲಿ ಕ್ಯಾಲ್ಸಿಯಂ ಇದೆ, ಕ್ಷಾರೀಯತೆ ಇಲ್ಲ. ಕಣಜ ತುಂಬೀತು, ಡಬ್ಬಿ ತುಂಬದು. ಸಲ್ಫೇಟ್ ಮಾತ್ರ ಉಳಿದು ಕೂಡುತ್ತ ಹೋಗುತ್ತದೆ. ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಕುಟ್ಟಿ ಪುಡಿ ಹಾಕಿದರೆ? ಕಡಲಿನ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಲೇ ತುಂಬಿ ತುಳುಕುತ್ತಿರುತ್ತದೆ, ಹೊಸದಾಗಿ ಕರಗಲು ಜಾಗವಿಲ್ಲ. ಪುಡಿ ತಳದಲ್ಲಿ ಹಾಗೇ ಕೂರುತ್ತದೆ.

ಆವಿಯಾದ ನೀರಿನ ಜಾಗಕ್ಕಷ್ಟೇ ಸುಣ್ಣದ ತಿಳಿ ಹಿಡಿಸುವುದರಿಂದ ಹವಳ ಹೆಚ್ಚಿದ್ದಲ್ಲಿ ಅದು ಸಾಲದು. ಆಗ ಬಳಕೆಗೆ ಬರುವುದು ಎರಡು ಬಾಟಲಿಗಳ ವಿಧಾನ. ಇದಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಪಾಕಗಳನ್ನು ಲೆಕ್ಕ ಸಮೇತ ಬರೆದು ಹವ್ಯಾಸಿಗಳಲ್ಲಿ ಹೆಸರಾದವರು ಅಮೆರಿಕದ ರಸಾಯನ ವಿಜ್ಞಾನಿ ರ‍್ಯಾಂಡಿ ಹೋಮ್ಸ್-ಫಾರ್ಲಿ. ಅವರ ಪ್ರಸಿದ್ಧ ಲೇಖನ 2006ರದು. ಒಂದು ಬಾಟಲಿಯಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಇನ್ನೊಂದರಲ್ಲಿ ಅಡುಗೆ ಸೋಡಾ. ಬೇಕಾದಾಗ ಮೆಗ್ನೀಷಿಯಮ್ಮಿಗೆಂದು ಮೂರನೆಯದು.

ಪಿಯುಸಿ ಓದುವವರು ಪಾಕದ ಅಳತೆಯನ್ನು ಯಾರನ್ನೂ ಕೇಳದೆ ತಾವೇ ಕಂಡುಹಿಡಿಯಬಹುದು. ಅಡುಗೆ ಸೋಡಾದ ಅಣುತೂಕ 84. ಎರಡು ನೀರಿನಣು ಹೊತ್ತ ಕ್ಯಾಲ್ಸಿಯಂ ಕ್ಲೋರೈಡಿನದು 147. ಒಂದು ಅಣು ಕ್ಯಾಲ್ಸಿಯಂ ಕ್ಲೋರೈಡಿಗೆ ಎರಡು ಅಣು ಸೋಡಾ ಬೇಕು, ಅಂದರೆ 147ಕ್ಕೆ 168. ಭಾಗಿಸಿ ನೋಡಿದರೆ ಸರಿಯಾಗಿ ಏಳಕ್ಕೆ ಎಂಟು. ಆದ್ದರಿಂದ ಒಂದು ಲೀಟರಿನಷ್ಟಾಗುವಂತೆ ಶುದ್ಧ ನೀರಿನಲ್ಲಿ 84 ಗ್ರಾಂ ಸೋಡಾ ಕರಗಿಸಿ ಒಂದು ಬಾಟಲಿ, 73.5 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಕರಗಿಸಿ ಇನ್ನೊಂದು ಬಾಟಲಿ ಮಾಡಿಟ್ಟರೆ, ಪ್ರತಿಯೊಂದರ ಒಂದು ಮಿಲಿಲೀಟರಿನಲ್ಲೂ ಒಂದು ಘಟಕ ಇರುತ್ತದೆ. ಲೆಕ್ಕಕ್ಕೆ ಇದಕ್ಕಿಂತ ಸುಲಭದ ದ್ರಾವಣ ಇಲ್ಲ. ಡಬ್ಬಿಯ ಮೇಲಿನ ಚೀಟಿ ಓದುವುದನ್ನು ಮಾತ್ರ ಮರೆಯಬಾರದು. ತೇವ ಹೀರಲು ಪ್ರಯೋಗಾಲಯದಲ್ಲಿಡುವ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಣು ಇಲ್ಲದ್ದು. ಅದಾದರೆ 55.5 ಗ್ರಾಂ ಸಾಕು. ಹಾಗೆಯೇ ಅಡುಗೆ ಸೋಡಾ ಬೇರೆ, ಬೇಕಿಂಗ್ ಪೌಡರ್ ಬೇರೆ. ಎರಡನೆಯದರಲ್ಲಿ ಆಮ್ಲದ ಪುಡಿಯೂ ಪಿಷ್ಟವೂ ಸೇರಿರುತ್ತವೆ. ಕೇಕಿಗೆ ಒಳ್ಳೆಯದು, ತೊಟ್ಟಿಗೆ ವಿಷ.

ಎರಡು ಬಾಟಲಿ ಏಕೆ, ಒಂದರಲ್ಲೇ ಬೆರೆಸಿಟ್ಟರೆ ಆಗದೇ ಎಂಬ ಪ್ರಶ್ನೆಗೆ ಉತ್ತರವನ್ನು ಒಂದು ಪ್ರನಾಳದಲ್ಲಿ ನೋಡಬಹುದು. ಎರಡನ್ನೂ ಒಂದಿಷ್ಟು ಸೇರಿಸಿದ ಕೂಡಲೇ ಬಿಳಿಯ ಮೋಡ ಏಳುತ್ತದೆ, ಗುಳ್ಳೆ ಬರುತ್ತದೆ. ಹವಳ ಕಟ್ಟಬೇಕಾದ ಕಲ್ಲು ಹವಳವಿಲ್ಲದೆಯೇ ಆಗಿಹೋಯಿತು. ತೊಟ್ಟಿಯಲ್ಲೂ ಎರಡನ್ನು ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹಾಕಿದರೆ ಇದೇ ಗತಿ. ಬೆಳಿಗ್ಗೆ ಒಂದು, ಸಂಜೆ ಒಂದು, ನೀರು ಜೋರಾಗಿ ಹರಿಯುವ ಕಡೆ, ನಿಧಾನವಾಗಿ. ಕಡಲಿನ ನೀರಿನಲ್ಲಿ ಸುಣ್ಣ ತುಂಬಿ ತುಳುಕುತ್ತಿದ್ದರೂ ತಾನಾಗಿಯೇ ಹರಳುಗಟ್ಟದಂತೆ ತಡೆಯುವುದರಲ್ಲಿ ಮೆಗ್ನೀಷಿಯಮ್ಮಿನ ಪಾಲು ದೊಡ್ಡದು. ಹರಳು ಮೊಳೆಯುವ ಜಾಗಕ್ಕೆ ಅದು ಹೋಗಿ ಕೂತು ಬೆಳೆಯಗೊಡುವುದಿಲ್ಲ. ತೊಟ್ಟಿಯಲ್ಲಿ ಮೆಗ್ನೀಷಿಯಂ ಕಡಿಮೆಯಾಗಿದ್ದರೆ ಎಷ್ಟು ಸೋಡಾ, ಸುಣ್ಣ ಹಾಕಿದರೂ ಪುಡಿಯಾಗಿ ವ್ಯರ್ಥವಾಗುತ್ತ ಹೋಗುತ್ತದೆ.

ಈಗ ಮುಖ್ಯ ಪ್ರಶ್ನೆ: ದಿನಕ್ಕೆ ಎಷ್ಟು? ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ, ಬಾಟಲಿಯ ಮೇಲೂ ಇಲ್ಲ. ಎರಡು ಹವಳದ ತುಂಡು ಇರುವ ತೊಟ್ಟಿಗೂ ಇಪ್ಪತ್ತು ತುಂಡು ಇರುವ ತೊಟ್ಟಿಗೂ ಒಂದೇ ಚಮಚ ಹೇಳುವವರನ್ನು ನಂಬಬಾರದು. ಉತ್ತರವಿರುವುದು ತೊಟ್ಟಿಯ ನೀರಿನಲ್ಲಿ. ಅದನ್ನು ಕೇಳುವ ಸಾಧನ ಪಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಸಾಲಾಗಿ ನಿಂತಿರುವ ಬ್ಯೂರೆಟ್ಟು. ತೊಟ್ಟಿಯ ನೀರು 100 ಮಿಲಿಲೀಟರ್ ತೆಗೆದುಕೊಂಡು, ಎರಡು ಹನಿ ಮೀಥೈಲ್ ಆರೆಂಜ್ ಹಾಕಿ, 0.02 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲವನ್ನು ಹಳದಿ ಬಣ್ಣ ಕಿತ್ತಳೆಗೆ ತಿರುಗುವವರೆಗೆ ಬಿಡಬೇಕು. ಹಿಡಿದ ಆಮ್ಲದ ಪ್ರತಿ ಮಿಲಿಲೀಟರಿಗೂ ಲೀಟರಿಗೆ 0.2 ಘಟಕ. ಇವತ್ತು 12.5 ಮಿಲಿಲೀಟರ್ ಹಿಡಿಯಿತು ಎನ್ನಿ. ಕ್ಷಾರೀಯತೆ ಎರಡೂವರೆ. ಎರಡು ದಿನ ಏನೂ ಹಾಕದೆ ಬಿಟ್ಟು ಮತ್ತೆ ಅಳೆದಾಗ 10 ಮಿಲಿಲೀಟರ್ ಹಿಡಿಯಿತು. ಕ್ಷಾರೀಯತೆ ಎರಡಕ್ಕಿಳಿದಿದೆ. ಎರಡು ದಿನಕ್ಕೆ ಅರ್ಧ, ದಿನಕ್ಕೆ ಕಾಲು ಘಟಕ. ತೊಟ್ಟಿ ನೂರು ಲೀಟರಿನದಾದರೆ ದಿನದ ಖರ್ಚು ಒಟ್ಟು 25 ಘಟಕ. ಅಂದರೆ ಮೇಲೆ ಹೇಳಿದ ಎರಡೂ ದ್ರಾವಣಗಳಲ್ಲಿ ತಲಾ 25 ಮಿಲಿಲೀಟರ್. ಅಷ್ಟರಲ್ಲಿರುವ ಸೋಡಾ ಎರಡು ಗ್ರಾಂ ಚಿಲ್ಲರೆ, ಅರ್ಧ ಟೀ ಚಮಚಕ್ಕೂ ಕಡಿಮೆ. ಒಂದು ಇಡೀ ಕಡಲತೊಟ್ಟಿಯ ಅಳಿವು ಉಳಿವು ಇಷ್ಟು ಸಣ್ಣ ತೂಕದಲ್ಲಿದೆ.

ಹವಳ ಬೆಳೆದ ಹಾಗೆ ಖರ್ಚು ಹೆಚ್ಚುವುದರಿಂದ ವಾರಕ್ಕೊಮ್ಮೆಯಾದರೂ ಅಳೆದು ಲೆಕ್ಕ ತಿದ್ದಬೇಕು. ಕ್ಷಾರೀಯತೆ ತೀರ ಇಳಿದುಹೋಗಿದ್ದರೂ ಗಾಬರಿಯಿಂದ ಒಂದೇ ದಿನ ಏರಿಸಕೂಡದು. ದಿನಕ್ಕೆ ಲೀಟರಿಗೆ ಅರ್ಧ ಘಟಕ ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ. ಬರಗಾಲದಲ್ಲಿ ಸೊರಗಿದ ದನಕ್ಕೆ ಒಮ್ಮೆಗೇ ಹೊಟ್ಟೆಬಿರಿಯೆ ಮೇವು ಹಾಕದ ರೈತನ ಎಚ್ಚರ ಇಲ್ಲೂ ಬೇಕು.

ಇನ್ನೊಂದು ಖಾತೆಯನ್ನೂ ನೋಡಬೇಕು. 147 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 168 ಗ್ರಾಂ ಸೋಡಾ, ಒಟ್ಟು 315 ಗ್ರಾಂ ತೊಟ್ಟಿಗೆ ಹೋಯಿತು. ಹವಳದ ಮೈಸೇರಿದ್ದು 100 ಗ್ರಾಂ. ಇಂಗಾಲದ ಡೈಆಕ್ಸೈಡ್ ಆಗಿ ಹೋದದ್ದು 44 ಗ್ರಾಂ. ನೀರಾಗಿ ಉಳಿದದ್ದು 54. ಮಿಕ್ಕ 117 ಗ್ರಾಂ? ಅಪ್ಪಟ ಅಡುಗೆ ಉಪ್ಪು! ದಿನಕ್ಕೆ 25 ಮಿಲಿಲೀಟರಿನಂತೆ ಹಾಕುವ ತೊಟ್ಟಿಯಲ್ಲಿ ದಿನವೂ ಒಂದೂವರೆ ಗ್ರಾಮಿನಷ್ಟು ಉಪ್ಪು ಕೂಡುತ್ತದೆ. ವರ್ಷಕ್ಕೆ ಅರ್ಧ ಕಿಲೋ ದಾಟುತ್ತದೆ. ನೂರು ಲೀಟರಿನಲ್ಲಿ ಅದು ಲೀಟರಿಗೆ ಐದು ಗ್ರಾಂ, 35 ಇದ್ದದ್ದು 40. ಹಾಗಾಗಿ ಆಗಾಗ ಒಂದಿಷ್ಟು ನೀರು ತೆಗೆದು ಹೊಸದನ್ನು ತುಂಬದೆ ಗತ್ಯಂತರವಿಲ್ಲ. ಸುಣ್ಣದ ತಿಳಿ ಮಾತ್ರ ಹೀಗೆ ಬಾಕಿ ಉಳಿಸುವುದಿಲ್ಲ. ಅದರ ಕ್ಯಾಲ್ಸಿಯಂ ಹವಳಕ್ಕೆ ಹೋದ ಮೇಲೆ ಉಳಿಯುವುದು ಬರೀ ನೀರು. ಅನುಭವಿಗಳು ಹಳೆಯ ಸುಣ್ಣವನ್ನು ಇನ್ನೂ ಕೈಬಿಡದಿರಲು ಇದೂ ಒಂದು ಕಾರಣ.

ಬೆರೆಸುವ ನೀರು ಯಾವುದು? ಕೊಳವೆಬಾವಿಯದಂತೂ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಕುಡಿಯುವ ನೀರಿನ ಗರಿಷ್ಠ ಮಿತಿಯಾದ 1.5 ಮಿಲಿಗ್ರಾಂ ದಾಟಿರುವುದು ಎಲ್ಲರಿಗೂ ಗೊತ್ತು. ತಮಾಷೆಯೆಂದರೆ ಹವಳಕ್ಕೆ ಅದರಿಂದ ಅಷ್ಟು ತೊಂದರೆಯಿಲ್ಲ. ಕಡಲಿನ ನೀರಿನಲ್ಲೇ ಲೀಟರಿಗೆ 1.3 ಮಿಲಿಗ್ರಾಂ ಫ್ಲೋರೈಡ್ ಇದೆ. ತೊಂದರೆ ಬರುವುದು ಗೊಬ್ಬರದಿಂದ ಇಳಿದ ನೈಟ್ರೇಟ್‌ನಿಂದ, ಹೋಗಿ ಬಂದು ಬದಲಾಗುವ ಗಡಸುತನದಿಂದ. ಆ ನೀರಿನಲ್ಲಿ ಆಗಲೇ ಎಷ್ಟು ಕ್ಯಾಲ್ಸಿಯಂ, ಎಷ್ಟು ಬೈಕಾರ್ಬೊನೇಟ್ ಇದೆಯೆಂದು ತಿಳಿಯದೆ ಮೇಲೆ ಹಾಕಿದ್ದಕ್ಕೆ ಲೆಕ್ಕ ಸಿಗದು. ಹಳ್ಳಿಗಳ ಶುದ್ಧ ನೀರಿನ ಘಟಕದಲ್ಲಿ ಬರುವ ಆರ್‌ಓ ನೀರು ಇದಕ್ಕಿಂತ ಎಷ್ಟೋ ಮೇಲು.

ತಂದೆ ತಾಯಿಗಳು ಗಮನಿಸಬೇಕಾದ ಎರಡು ವಿಷಯಗಳಿವೆ. ಮೊದಲನೆಯದು ಕಣ್ಣು. ಸುಣ್ಣ ಮತ್ತು ಅದರ ತಿಳಿ ಕಣ್ಣಿಗೆ ಆಮ್ಲಕ್ಕಿಂತ ಹೆಚ್ಚು ಅಪಾಯಕಾರಿ ಆಗಬಲ್ಲವು. ಎಲೆ ಅಡಿಕೆಯ ಸುಣ್ಣದ ಪೊಟ್ಟಣ ಹಿಸುಕಿ ಆಡುವಾಗ ಕಣ್ಣಿಗೆ ಚಿಮ್ಮಿ ಮಕ್ಕಳ ದೃಷ್ಟಿಗೆ ಹಾನಿಯಾದ ಪ್ರಕರಣಗಳನ್ನು ಭಾರತದ ನೇತ್ರವೈದ್ಯರು ದಾಖಲಿಸಿದ್ದಾರೆ. ಚಿಮ್ಮಿದ ಕ್ಷಣವೇ ರೆಪ್ಪೆ ಬಿಡಿಸಿ, ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸಿ, ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಸುಣ್ಣದ ಕೆಲಸವನ್ನು ಮಕ್ಕಳು ಒಬ್ಬರೇ ಮಾಡಬಾರದು, ಕನ್ನಡಕವಿಲ್ಲದೆ ಯಾರೂ ಮಾಡಬಾರದು. ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿದ್ದಾಗ ಕಾವು ಏಳುತ್ತದೆ, ಅದನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಎರಡೂ ಬಾಟಲಿಗಳು ನೀರಿನಷ್ಟೇ ತಿಳಿಯಾಗಿ ಕಾಣುವುದರಿಂದ ದೊಡ್ಡದಾಗಿ ಹೆಸರು ಬರೆದು ಎತ್ತರದಲ್ಲಿಡುವುದು ಲೇಸು. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ತುಂಬಿಡುವುದಂತೂ ಬೇಡವೇ ಬೇಡ.

ಎರಡನೆಯದು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಎಲ್ಲ ಕಲ್ಲು ಹವಳಗಳನ್ನೂ ಸೇರಿಸಲಾಯಿತು. ಹುಲಿ ಇರುವ ಪಟ್ಟಿ ಅದೇ. ಕಡಲಿನಿಂದ ಹವಳ ಕಿತ್ತು ತರುವುದು, ಮಾರುವುದು ಅಪರಾಧ. ಅಂಗಡಿಯವನು ಬೇಡಿಕೆಯಿದ್ದರೆ ತಂದುಕೊಡುತ್ತೇನೆ ಎಂದ ಮಾತ್ರಕ್ಕೆ ಮಗನ ಆಸೆಗೆ ಮಣಿದು ದುಡ್ಡು ಕೊಡುವವರಿಗೆ ಇದು ತಿಳಿದಿರಬೇಕು. ಈ ಅಂಕಣದ ಲೆಕ್ಕಗಳು ಹವಳ ಕೊಳ್ಳಲು ಕೊಟ್ಟ ಆಹ್ವಾನವಲ್ಲ. ಹೊರದೇಶಗಳ ದೊಡ್ಡ ಮತ್ಸ್ಯಾಲಯಗಳಲ್ಲೂ, ಹವಳ ಬೆಳೆಸಿ ಕಡಲಿಗೆ ಮರಳಿ ನೆಡುವ ಕೇಂದ್ರಗಳಲ್ಲೂ ನಡೆಯುವುದು ಇದೇ ಅಳತೆ, ಇದೇ ತುಂಬಿಕೊಡುವ ಕೆಲಸ. ಅಲ್ಲಿ ಕೆಲಸ ಮಾಡಲು ಹವಳ ಸಾಕಿದ ಅನುಭವಕ್ಕಿಂತ ಬ್ಯೂರೆಟ್ಟು ಓದುವ ಅಭ್ಯಾಸ ಮೊದಲು ಬೇಕು.

ಹವಳ ನೋಡಲೇಬೇಕೆಂಬ ಆಸೆಯುಳ್ಳವರಿಗೆ ಕರ್ನಾಟಕದಲ್ಲೇ ಜಾಗವಿದೆ. ಮುರ್ಡೇಶ್ವರದ ಆಚೆ, ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ತರಬೇತಾದವರ ಜೊತೆ ಮುಳುಗಿ ನೋಡಿ ಬರುವ ಏರ್ಪಾಡೂ ಇದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಹವಳದ ದಿಬ್ಬಗಳು ಇನ್ನೂ ದೊಡ್ಡವು. ಅಲ್ಲಿ 1986ರಲ್ಲೇ ಕಡಲ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಆದರೂ ತೂತ್ತುಕುಡಿಯ ಸುತ್ತ ದಶಕಗಳ ಕಾಲ ಹವಳವನ್ನು ಒಡೆದು ದಡಕ್ಕೆ ತಂದದ್ದುಂಟು. ಏತಕ್ಕೆ? ಗೂಡಿನಲ್ಲಿ ಸುಟ್ಟು ಸುಣ್ಣ ಮಾಡಲು! ಅಲ್ಲಿ ಹವಳದಿಂದ ಸುಣ್ಣ, ತೊಟ್ಟಿಯಲ್ಲಿ ಸುಣ್ಣದಿಂದ ಹವಳ.

ಶಾಲೆಯಲ್ಲಿ ಮಾಡಬಹುದಾದ ಪ್ರಯೋಗಕ್ಕೆ ಹವಳವೇ ಬೇಕಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಗೊತ್ತಿರುವ ಸುಣ್ಣದ ತಿಳಿನೀರಿನ ಪ್ರಯೋಗವನ್ನೇ ತುಸು ಮುಂದುವರಿಸಿದರೆ ಆಯಿತು. ಗಾಜಿನ ಲೋಟದಲ್ಲಿ ತಿಳಿ, ಅದರೊಳಗೆ ಒಂದು ಕೊಳವೆ, ಶಿಕ್ಷಕರ ಕಣ್ಗಾವಲು, ಕಣ್ಣಿಗೆ ಕನ್ನಡಕ. ಊದಬೇಕು, ಹೀರಬಾರದು. ಉಸಿರಿನ ಇಂಗಾಲದ ಡೈಆಕ್ಸೈಡ್ ತಾಗಿ ತಿಳಿನೀರು ಹಾಲಾಗುತ್ತದೆ. ಹುಟ್ಟಿದ್ದು ಕ್ಯಾಲ್ಸಿಯಂ ಕಾರ್ಬೊನೇಟ್. ಸಾಮಾನ್ಯವಾಗಿ ಪ್ರಯೋಗ ಇಲ್ಲಿಗೇ ನಿಲ್ಲುತ್ತದೆ. ನಿಲ್ಲಿಸದೆ ಸರದಿಯ ಮೇಲೆ ಇನ್ನಷ್ಟು ಹೊತ್ತು ಊದುತ್ತ ಹೋದರೆ ಹಾಲು ನಿಧಾನವಾಗಿ ತೆಳುವಾಗಿ, ಕೊನೆಗೆ ಮತ್ತೆ ತಿಳಿಯಾಗುತ್ತದೆ. ಅನಿಲ ಹೆಚ್ಚಾದಾಗ ಹುಟ್ಟಿದ್ದ ಸುಣ್ಣದ ಕಲ್ಲು ಬೈಕಾರ್ಬೊನೇಟ್ ಆಗಿ ಕರಗಿಹೋಯಿತು. ಕೈಗಾರಿಕೆಗಳ ಯುಗ ಆರಂಭವಾದ ಮೇಲೆ ಕಡಲಿನ ಮೇಲ್ನೀರಿನ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ನೋಡಲು ಬಿಂದುವಿನಾಚೆಯ ಒಂದಂಕಿ, ಆಮ್ಲೀಯತೆಯ ಲೆಕ್ಕದಲ್ಲಿ ನೂರಕ್ಕೆ ಇಪ್ಪತ್ತೈದರಿಂದ ಮೂವತ್ತರಷ್ಟು ಏರಿಕೆ. ಕಡಲಿನ ಹವಳ ಇನ್ನೂ ಈ ಲೋಟದ ಸುಣ್ಣದಂತೆ ಕರಗುವ ಹಂತಕ್ಕೆ ಬಂದಿಲ್ಲ. ಕಲ್ಲು ಕಟ್ಟಲು ಅದು ಮೊದಲಿಗಿಂತ ಹೆಚ್ಚು ದುಡಿಯಬೇಕಾಗಿದೆ. ತೊಟ್ಟಿಯಲ್ಲಾದರೆ ಪಿಎಚ್ ಇಳಿದ ರಾತ್ರಿ ನಾಲ್ಕು ಹನಿ ಸುಣ್ಣದ ತಿಳಿ ಹೆಚ್ಚು ಬಿಡಬಹುದು. ನೇತ್ರಾಣಿಯ ಸುತ್ತಲಿನ ನೀರಿಗೆ ಹಾಗೆ ಬಿಡುವ ನಳಿಕೆ ಇಲ್ಲ.